ಅಲ್ಲಿ ಹೋಗಿ ‘ಆತ್ರಿ’ ಅನ್ನೋ ಮೊದಲು: ಹೊರದೇಶದ ಹೊಸ ಕೆಲಸಕ್ಕೆ ಹೊರಟ ಹುಬ್ಬಳ್ಳಿ-ಧಾರವಾಡದವರಿಗೆ

ವಿದ್ಯಾನಗರದ ನಮ್ಮ ಮನೆಗೆ ವರ್ಷಕ್ಕೆ ನಾಲ್ಕೈದು ಹುಡುಗರಾದರೂ ಬರುತ್ತಾರೆ. ‘ಅಣ್ಣಾ, ಜರ್ಮನಿಗೆ ಹೊಂಟೀನ್ರಿ, ಏನೇನ್ ಒಯ್ಯಬೇಕು ಹೇಳ್ರಿ’ ಅಂತ ಕೇಳುತ್ತಾರೆ. ಕುಕ್ಕರ್ ಒಯ್ಯಬೇಕಾ? ಕಟಕ ರೊಟ್ಟಿ ಎಷ್ಟು ದಿನ ತಡೆಯುತ್ತವೆ? ಸ್ವೆಟರ್ ಇಲ್ಲೇ ತಗೊಳ್ಳಲಾ, ಅಲ್ಲಿ ಹೋಗಿ ತಗೊಳ್ಳಲಾ? ಎಲ್ಲ ಕೇಳುತ್ತಾರೆ. ದಿನಕ್ಕೆ ಎಂಟು ತಾಸು ಕೂತುಕೊಳ್ಳೋ ಆಫೀಸಿನ ಬಗ್ಗೆ ಮಾತ್ರ ಒಬ್ಬರೂ ಕೇಳೋದಿಲ್ಲ. ಕೆಲಸ ಬರುತ್ತೆ, ಇಂಗ್ಲಿಷ್ ಬರುತ್ತೆ, ಇನ್ನೇನು ಬೇಕು ಅಂತ ಅವರ ಲೆಕ್ಕ. ನನ್ನದೂ ಅದೇ ಲೆಕ್ಕ ಇತ್ತು.

ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಡಿಸೈನ್ ಕೆಲಸ ಮಾಡಿ, ಆಮೇಲೆ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿಗೆ ಹೋದವನು ನಾನು. ಐದು ವರ್ಷ ಅಲ್ಲಿದ್ದೆ. ಮೊದಲ ಆರು ತಿಂಗಳಲ್ಲಿ ಕೆಲಸ ಗೊತ್ತಿಲ್ಲದೆ ಮಾಡಿದ ತಪ್ಪು ಒಂದೂ ಇಲ್ಲ. ಅಲ್ಲಿನ ರೀತಿ ಗೊತ್ತಿಲ್ಲದೆ ಮಾಡಿದ ತಪ್ಪುಗಳಿಗೆ ಲೆಕ್ಕವೇ ಇಲ್ಲ. ಹಾಗಾಗಿ ಇದು ಜರ್ಮನಿಯ ಲೆಕ್ಕದಲ್ಲಿ ಬರೆದದ್ದು. ದುಬೈ ಕಡೆ ಹೊರಟವರಿಗೂ ಕೊನೆಯ ಹತ್ತಿರ ಒಂದಿಷ್ಟು ಇದೆ.

1. ಹೊರಡೋ ಮೊದಲು ಕರಾರು ಪತ್ರ ಓದಿ

ಓದಿ ಅಂದರೆ ಪಗಾರದ ಸಾಲು ಮಾತ್ರ ಅಲ್ಲ. ಆ ಸಾಲನ್ನೂ ನಾವು ತಪ್ಪಾಗಿ ಓದುತ್ತೇವೆ. ಅಲ್ಲಿ ‘ಬ್ರುಟ್ಟೊ’ ಅಂದರೆ ಕಡಿತಕ್ಕೆ ಮೊದಲಿನ ಪಗಾರ, ‘ನೆಟ್ಟೊ’ ಅಂದರೆ ಕೈಗೆ ಬರೋದು. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಕಳೆದು, ಒಬ್ಬರೇ ಇರುವವರಿಗೆ ನೂರಕ್ಕೆ ಸುಮಾರು 60ರಿಂದ 65 ಮಾತ್ರ ಉಳಿಯುತ್ತೆ. ಬ್ರುಟ್ಟೊ ಅಂಕಿಯನ್ನು ರೂಪಾಯಿಗೆ ಗುಣಿಸಿ ಮನೆಯವರಿಗೆ ಹೇಳಿಬಿಟ್ಟರೆ, ಆಮೇಲೆ ವಿವರಿಸೋದೇ ಒಂದು ಕೆಲಸ ಆಗುತ್ತೆ.

ಮುಖ್ಯವಾದದ್ದು ಮುಂದಿನ ಸಾಲುಗಳು. ಮೊದಲ ಆರು ತಿಂಗಳ ತನಕ ‘ಪ್ರೋಬೆಟ್ಸೈಟ್’, ಅಂದರೆ ಪರೀಕ್ಷೆಯ ಅವಧಿ ಇರಬಹುದು. ಅದರಲ್ಲಿ ಎರಡೂ ಕಡೆಯವರು ಎರಡೇ ವಾರದ ನೋಟಿಸ್ ಕೊಟ್ಟು ಸಂಬಂಧ ಮುಗಿಸಬಹುದು. ನಮ್ಮಲ್ಲಿ ಪ್ರೊಬೇಷನ್ ಅಂದರೆ ಸುಮ್ನೆ ಕಾಗದದ ಮೇಲಿನ ಮಾತು ಅನ್ನೋ ರೂಢಿ ಇದೆ. ಅಲ್ಲಿ ಹಾಗಲ್ಲ, ಆ ಆರು ತಿಂಗಳು ನಿಮ್ಮನ್ನು ನಿಜವಾಗಿ ನೋಡುತ್ತಾರೆ. ನೀವೂ ಅವರನ್ನು ನೋಡಬೇಕು.

ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ಸೂಟಿ, ಓವರ್‌ಟೈಮಿಗೆ ದುಡ್ಡೋ ಬದಲಿ ಸೂಟಿಯೋ, ಹುಷಾರಿಲ್ಲದಾಗ ಯಾವಾಗ ಡಾಕ್ಟರ ಚೀಟಿ ಕೊಡಬೇಕು, ಬಿಡುವಾಗ ಎಷ್ಟು ದಿನದ ನೋಟಿಸ್. ಈ ಐದನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲೇ ಬರೆದುಕೊಳ್ಳಿ. ಬರೆಯೋಕೆ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತ. ಸಹಿ ಮಾಡೋ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಕೇಳಿದರೆ ಏನಂದುಕೊಂಡಾರೋ ಅನ್ನೋ ಸಂಕೋಚ ನಮ್ಮದು, ಅವರದಲ್ಲ.

ಹೋದ ಮೇಲಿನ ಓಡಾಟ ಬೇರೆ ಇದೆ. ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಬ್ಯಾಂಕ್ ಖಾತೆ ತೆಗೆಯಬೇಕು, ವಿಮೆ ಮಾಡಿಸಬೇಕು. ಅದನ್ನೆಲ್ಲ ಕಂಪನಿಯವರೇ ಪಟ್ಟಿ ಮಾಡಿ ಕೊಡುತ್ತಾರೆ. ಅದರ ಚಿಂತೆ ಬೇಡ.

2. ಮೊದಲ ವಾರ ‘ನೀನು’ ‘ನೀವು’ ಗಮನಿಸಿ

ಇಲ್ಲಿ ನಮಗೊಂದು ಲಾಭ ಇದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಮಾತು. ಜರ್ಮನ್ನಿನಲ್ಲಿ ಕನ್ನಡದ ಹಾಗೆ ಎರಡು ಇವೆ, ‘ಡು’ ಅಂದರೆ ನೀನು, ‘ಝೀ’ ಅಂದರೆ ನೀವು. ಹಾಗಾಗಿ ನಮಗೆ ಇದು ಬೇಗ ಹತ್ತುತ್ತೆ. ಆದರೆ ಲೆಕ್ಕ ಬೇರೆ. ನಮ್ಮ ಕಡೆ ವಯಸ್ಸು ನೋಡಿ ‘ರೀ’ ಹಚ್ಚುತ್ತೇವೆ. ಸಣ್ಣವರಿಗೆ ‘ಏನಪಾ, ಬಾರಪಾ’ ಅನ್ನುತ್ತೇವೆ. ಅಲ್ಲಿ ಪರಿಚಯ ಇಲ್ಲದ ಇಪ್ಪತ್ತು ವರ್ಷದ ಹುಡುಗನೂ ‘ನೀವು’. ಒಮ್ಮೆ ‘ನೀನು’ ಅಂತ ಒಪ್ಪಿಕೊಂಡರೆ ಅರವತ್ತು ವರ್ಷದ ಡಿಪಾರ್ಟ್‌ಮೆಂಟ್ ಮುಖ್ಯಸ್ಥನೂ ‘ನೀನು’ ಆಗುತ್ತಾನೆ. ಆ ಒಪ್ಪಿಗೆಯ ಮಾತನ್ನು ಸಾಮಾನ್ಯವಾಗಿ ದೊಡ್ಡವರು, ಮೇಲಿನವರು ಎತ್ತುತ್ತಾರೆ. ನೀವಾಗಿ ಎತ್ತಬೇಡಿ, ಕಾಯಿರಿ. ಎಷ್ಟೋ ಕಂಪನಿಗಳಲ್ಲಿ ಮೊದಲ ದಿನದಿಂದಲೇ ಎಲ್ಲರೂ ‘ಡು’. ಅಲ್ಲಿ ನೀವೊಬ್ಬರೇ ‘ಸರ್, ಸರ್’ ಅಂದರೆ ಅವರಿಗೆ ಮುಜುಗರ.

ಬಾಸ್‌ಗೆ ಹೆಸರು ಹಿಡಿದು ಕೂಗೋಕೆ ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರ ಅವರಿಗೆ ಏನೂ ಅನ್ನದೇ, ಎದುರಿಗೆ ಹೋಗಿ ನಿಂತು, ಅವರು ತಲೆ ಎತ್ತೋ ತನಕ ಕಾಯುತ್ತಿದ್ದೆ. ಇವನಿಗೆ ಏನೋ ತೊಂದರೆ ಇದೆ ಅಂತ ಅವರು ಪಕ್ಕದವರನ್ನು ವಿಚಾರಿಸಿದ್ದರಂತೆ.

ಮೊದಲ ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಎಷ್ಟಕ್ಕೆ ಬರುತ್ತಾರೆ? ಬಾಗಿಲು ತಟ್ಟಿ ಒಳಗೆ ಹೋಗುತ್ತಾರಾ? ಮೀಟಿಂಗಿನಲ್ಲಿ ಕಿರಿಯರು ಮಾತಾಡುತ್ತಾರಾ? ಮೇಲ್‌ಗೆ ಎಷ್ಟು ಹೊತ್ತಿಗೆ ಉತ್ತರ ಬರುತ್ತೆ? ಇದನ್ನು ಯಾವ ಕಾಗದದಲ್ಲೂ ಬರೆದಿರೋದಿಲ್ಲ. ತಿಳಿಯದ್ದನ್ನು ಪಕ್ಕದಲ್ಲಿ ಕೂತವರನ್ನು ನೇರವಾಗಿ ಕೇಳಿ. ಹೊಸಬರು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಆರು ತಿಂಗಳ ಮೇಲೆ ಅದೇ ಪ್ರಶ್ನೆ ಕೇಳಿದರೆ ಮುಖ ನೋಡುತ್ತಾರೆ.

3. ‘ಆತ್ರಿ’ಯನ್ನು ಇಲ್ಲೇ ಬಿಟ್ಟು ಹೋಗಿ

ನಿಜ ಹೇಳಬೇಕೆಂದರೆ ಈ ಲೇಖನ ಬರೆದದ್ದೇ ಈ ಭಾಗಕ್ಕಾಗಿ.

ಹುಬ್ಬಳ್ಳಿಯವರು ಖಡಕ್ ಮಾತಿನವರು ಅಂತ ಹೆಸರು. ತರಕಾರಿಯವರ ಹತ್ತಿರ, ಆಟೊದವರ ಹತ್ತಿರ, ಬೀಗರ ಹತ್ತಿರ ಕೂಡ ನಾವು ಇದ್ದದ್ದನ್ನು ಇದ್ದ ಹಾಗೆ ಹೇಳುವವರೇ. ಅದೇ ನಾವು ಸಾಹೇಬರ ಮುಂದೆ ನಿಂತರೆ ಬಾಯಿಂದ ಬರೋದು ಒಂದೇ ಮಾತು, ‘ಆತ್ರಿ’. ಈ ಮಾತಿಗೆ ಎಷ್ಟು ಅರ್ಥ ನೋಡಿ. ನೀವು ಹೇಳಿದ್ದು ಕೇಳಿಸಿತು, ಆತ್ರಿ. ಮಾಡೋಕೆ ನೋಡ್ತೀನಿ, ಆತ್ರಿ. ಆಗೋದಿಲ್ಲ ಅಂತ ಗೊತ್ತು ಆದರೆ ನಿಮ್ಮ ಮುಖದ ಮೇಲೆ ಹೇಳಲಾರೆ, ಆತ್ರಿ. ಸಾಕು ಬಿಡ್ರಿ ನಾನು ಹೋಗ್ತೀನಿ, ಅದಕ್ಕೂ ಆತ್ರಿ.

ನಮ್ಮಲ್ಲಿ ಇದು ನಡೆಯುತ್ತೆ. ಯಾಕೆಂದರೆ ಕೇಳಿದವರಿಗೂ ಇದರ ಅರ್ಥ ಗೊತ್ತು. ಅದಕ್ಕೇ ಅವರು ಸಂಜೆ ಒಮ್ಮೆ ಫೋನ್ ಮಾಡುತ್ತಾರೆ, ‘ಎಲ್ಲೀತನ ಬಂತ್ರಿ?’ ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಮಧ್ಯಾಹ್ನ ತಾವೇ ಬಂದು ನಿಲ್ಲುತ್ತಾರೆ. ಮೂರು ಸಲ ಕೇಳಿದ ಮೇಲೆ ನಿಜ ಹೊರಗೆ ಬರುತ್ತೆ, ಏನೋ ದಾರಿ ಆಗುತ್ತೆ. ಅಂದರೆ ನಮ್ಮ ‘ಆತ್ರಿ’ಯ ಅರ್ಧ ಕೆಲಸ ಆ ಫೋನುಗಳು ಮಾಡುತ್ತವೆ. ಅಲ್ಲಿ ಆ ಫೋನ್ ಬರೋದೇ ಇಲ್ಲ. ನೀವು ಹೌದು ಅಂದರೆ ಮುಗಿಯಿತು, ಅದರ ಮೇಲೆ ಇನ್ನು ನಾಲ್ಕು ಜನ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಾರೆ.

ನನಗೆ ಇದು ತಿಳಿದದ್ದು ಎರಡನೇ ತಿಂಗಳಲ್ಲಿ. ಸೋಮವಾರ ನಮ್ಮ ಟೀಮ್ ಲೀಡರ್ ಒಂದು ಡ್ರಾಯಿಂಗ್ ಕೊಟ್ಟು, ಗುರುವಾರಕ್ಕೆ ಆಗುತ್ತಾ ಅಂತ ಕೇಳಿದರು. ತಲೆ ಆಡಿಸಿ ‘ಯೆಸ್, ಯೆಸ್’ ಅಂದೆ. ನೋಡಿದ ತಕ್ಷಣ ಗೊತ್ತಾಗಿತ್ತು, ಒಂದು ವಾರದ ಕೆಲಸ ಅದು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಮಂಗಳವಾರ ಯಾರೂ ಕೇಳಲಿಲ್ಲ. ಬುಧವಾರವೂ ಕೇಳಲಿಲ್ಲ. ಕೇಳಿಲ್ಲ ಅಂದರೆ ಅವಸರ ಇಲ್ಲ ಅಂತ ತಿಳಿದೆ. ಗುರುವಾರ ಮಧ್ಯಾಹ್ನ ಟ್ರಯಲ್‌ಗೆ ಅಂತ ಯಂತ್ರ ಖಾಲಿ ಮಾಡಿಸಿ ಮೂವರು ಬಂದು ನಿಂತಿದ್ದರು. ಡ್ರಾಯಿಂಗ್ ಅರ್ಧ ಆಗಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಆಗೋದಿಲ್ಲ ಅಂತ ನಿನಗೆ ಯಾವತ್ತು ಗೊತ್ತಾಯಿತು?’ ಅಂದರು. ಸೋಮವಾರ, ಅಂದೆ. ‘ಹಾಗಾದರೆ ನನಗೆ ಯಾಕೆ ಗುರುವಾರ ಗೊತ್ತಾಗಬೇಕು?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಡ ಆದದ್ದು ಅವರಿಗೆ ದೊಡ್ಡ ತಪ್ಪೇ ಅಲ್ಲ. ಮೂರು ದಿನ ಮುಚ್ಚಿಟ್ಟದ್ದು ತಪ್ಪು. ನಾನು ಮರ್ಯಾದೆ ಅಂದುಕೊಂಡದ್ದನ್ನು ಅವರು ಸುಳ್ಳು ಅಂತ ಓದಿದರು.

ಹಾಗಾದರೆ ಏನು ಮಾಡಬೇಕು? ಮನೆಯಲ್ಲೇ ಬಾಯಿಪಾಠ ಮಾಡಿ. ಹೇಳೋದರಲ್ಲಿ ಮೂರು ತುಂಡು ಇರಬೇಕು. ‘ಗುರುವಾರಕ್ಕೆ ಆಗೋದಿಲ್ಲ. ಮುಂದಿನ ಸೋಮವಾರ ಮಧ್ಯಾಹ್ನ ಕೊಡ್ತೀನಿ. ಯಾಕೆಂದರೆ ಅಳತೆ ಮತ್ತೊಮ್ಮೆ ತಾಳೆ ನೋಡಬೇಕು.’ ಮೊದಲು ಇಲ್ಲ, ಆಮೇಲೆ ಯಾವಾಗ, ಆಮೇಲೆ ಯಾಕೆ. ನಾವು ಇದನ್ನು ತಿರುಗಿಸಿ ಹೇಳುತ್ತೇವೆ. ಮೊದಲು ಹತ್ತು ನಿಮಿಷ ಯಾಕೆ ಅನ್ನೋದನ್ನು ಹೇಳಿ, ‘ಇಲ್ಲ’ ಅನ್ನೋದನ್ನು ಅವರೇ ಊಹಿಸಲಿ ಅಂತ ಬಿಡುತ್ತೇವೆ. ಅಲ್ಲಿ ಯಾರೂ ಊಹಿಸೋದಿಲ್ಲ.

ಹೌದು ಅಂದ ಮೇಲೆ ನಡುವೆ ತೊಂದರೆ ಬಂದರೆ, ಬಂದ ದಿನವೇ ಎರಡು ಸಾಲು ಬರೆದು ಕಳಿಸಿ. ತಿಳಿಯದೇ ಇದ್ದಾಗ ‘ತಿಳಿಯಿತು’ ಅನ್ನಬೇಡಿ. ‘ನಾನು ಹೀಗೆ ಅರ್ಥ ಮಾಡಿಕೊಂಡೆ, ಸರಿಯಾ?’ ಅಂತ ತಿರುಗಿ ಹೇಳಿ ನೋಡಿ. ಇನ್ನೊಂದು ಸಣ್ಣ ವಿಷಯ, ಆದರೆ ನನ್ನನ್ನು ಭಾಳ ಸಲ ಸಿಕ್ಕಿಸಿದ್ದು. ನಾವು ಹೌದು ಅನ್ನುವಾಗ ತಲೆಯನ್ನು ಅತ್ತಿತ್ತ ಓಲಾಡಿಸುತ್ತೇವಲ್ಲ, ಅದು ಅವರಿಗೆ ಇಲ್ಲ ಅಂದ ಹಾಗೆ ಕಾಣುತ್ತೆ. ಬಾಯಲ್ಲಿ ಹೌದು, ತಲೆಯಲ್ಲಿ ಇಲ್ಲ. ಅವರಿಗೆ ಹೇಗೆ ತಿಳಿಯಬೇಕು ಪಾಪ.

4. ಹೊತ್ತು

ಸತ್ತೂರಿನಲ್ಲಿ ಚಿಗರಿ ಬಸ್ಸಿನೊಳಗೆ ಕೂತು ‘ಉಣಕಲ್ ದಾಟೀನ್ರಿ, ಐದ ನಿಮಿಷ’ ಅನ್ನೋದು ನಮಗೆಲ್ಲ ರೂಢಿ. ಅಲ್ಲಿ ಐದು ನಿಮಿಷ ಅಂದರೆ ಗಡಿಯಾರದ ಐದು ನಿಮಿಷ. ಒಂಬತ್ತಕ್ಕೆ ಮೀಟಿಂಗ್ ಅಂದರೆ ಒಂಬತ್ತಕ್ಕೆ ಮಾತು ಶುರು ಆಗಿರುತ್ತೆ. ತಡ ಆಗೋದು ಖಾತ್ರಿ ಆದ ತಕ್ಷಣ ಮೆಸೇಜ್ ಹಾಕಿ, ಎಷ್ಟು ನಿಮಿಷ ಅಂತ ಅಂಕಿ ಬರೆದು. ರೈಲು ತಡ ಅನ್ನೋದು ಅಲ್ಲೂ ನಡೆಯೋ ಮಾತೇ, ಆದರೆ ಹೋದ ಮೇಲೆ ಹೇಳಿದರೆ ನಡೆಯೋದಿಲ್ಲ.

ಇದರ ಇನ್ನೊಂದು ಮಗ್ಗಲು ನಮ್ಮವರಿಗೆ ಬೇಗ ತಿಳಿಯೋದಿಲ್ಲ. ಬರೋ ಹೊತ್ತು ಎಷ್ಟು ಗಟ್ಟಿಯೋ ಹೋಗೋ ಹೊತ್ತೂ ಅಷ್ಟೇ ಗಟ್ಟಿ. ಕೆಲಸ ಮುಗಿದ ಮೇಲಿನ ಹೊತ್ತಿಗೆ ‘ಫೈಯರ್‌ಆಬೆಂಟ್’ ಅಂತ ಬೇರೆ ಹೆಸರೇ ಇದೆ, ಹೋಗುವಾಗ ಅದನ್ನು ಹಾರೈಸಿಯೇ ಹೋಗುತ್ತಾರೆ. ಕಾನೂನಿನಲ್ಲೂ ಹಾಗೇ ಇದೆ. ದಿನಕ್ಕೆ ಎಂಟು ತಾಸು, ಬೇರೆ ದಿನ ಕಮ್ಮಿ ಮಾಡಿ ಸರಾಸರಿ ಎಂಟಕ್ಕೆ ಸರಿದೂಗಿಸಿದರೆ ಹೆಚ್ಚೆಂದರೆ ಹತ್ತು. ಆರು ತಾಸು ದಾಟಿದರೆ 30 ನಿಮಿಷ, ಒಂಬತ್ತು ದಾಟಿದರೆ 45 ನಿಮಿಷ ಬಿಡುವು. ಇಂದಿನ ಕೆಲಸ ಮುಗಿದು ನಾಳೆಯದು ಶುರುವಾಗೋ ನಡುವೆ 11 ತಾಸು ವಿಶ್ರಾಂತಿ. ಲೋಹ ಮತ್ತು ವಿದ್ಯುತ್ ಉದ್ಯಮದ ಕಾರ್ಮಿಕ ಸಂಘದ ಒಪ್ಪಂದ ಇರೋ ಕಂಪನಿಯಾದರೆ ಪಶ್ಚಿಮ ಜರ್ಮನಿಯಲ್ಲಿ ವಾರಕ್ಕೆ 35 ತಾಸು.

ನಾನು ಮೊದಲ ತಿಂಗಳು ರಾತ್ರಿ ಎಂಟರ ತನಕ ಕೂತುಕೊಳ್ಳುತ್ತಿದ್ದೆ, ನಾಲ್ಕು ಜನ ನೋಡಲಿ ಅಂತ. ಹೊಗಳಿಕೆ ಬರಲಿಲ್ಲ. ‘ಕೊಟ್ಟ ಕೆಲಸ ಜಾಸ್ತಿ ಆಯಿತಾ, ಇಲ್ಲ ಮಾಡೋ ರೀತಿ ಗೊತ್ತಾಗುತ್ತಿಲ್ಲವಾ?’ ಅಂತ ಕೇಳಿದರು. ತಡವಾಗಿ ಕೂರೋದು ಅಲ್ಲಿ ಶ್ರದ್ಧೆಯ ಗುರುತಲ್ಲ. ಏನೋ ಹದ ತಪ್ಪಿದೆ ಅನ್ನೋದರ ಗುರುತು. ಹಾಗೇ ಸಂಜೆ ಏಳಕ್ಕೆ ಸಹೋದ್ಯೋಗಿಗೆ ಕೆಲಸದ ಫೋನ್ ಮಾಡಬೇಡಿ. ಭಾನುವಾರವಂತೂ ಬೇಡವೇ ಬೇಡ. ಅವತ್ತು ಊರಿನ ಅಂಗಡಿಗಳೇ ಮುಚ್ಚಿರುತ್ತವೆ, ಹಾಲು-ಬ್ರೆಡ್ಡು ಶನಿವಾರವೇ ತಂದಿಡಿ.

5. ಜ್ವರ ಬಂದರೆ, ಸೂಟಿ ಬೇಕಾದರೆ

ಜ್ವರ ಇದ್ದರೂ ಗುಳಿಗೆ ನುಂಗಿ ಆಫೀಸಿಗೆ ಹೋಗೋದು ಇಲ್ಲಿ ದೊಡ್ಡಸ್ತಿಕೆ. ಅಲ್ಲಿ ಅದು ಬೇರೆಯವರಿಗೆ ರೋಗ ಹಂಚೋ ಕೆಲಸ. ಮನೆಯಲ್ಲೇ ಇರಿ, ಆದರೆ ಕೆಲಸ ಶುರುವಾಗೋ ಮೊದಲೇ ತಿಳಿಸಿ. ಮೂರು ದಿನಕ್ಕಿಂತ ಜಾಸ್ತಿ ಆದರೆ ಡಾಕ್ಟರ ಚೀಟಿ ಬೇಕು. ಕೆಲವು ಕರಾರುಗಳಲ್ಲಿ ಮೊದಲ ದಿನದಿಂದಲೇ ಬೇಕು ಅಂತ ಇರುತ್ತೆ, ಅದಕ್ಕೇ ಮೊದಲೇ ಓದಿ ಅಂದದ್ದು. ಏನು ರೋಗ ಅಂತ ಹೇಳಬೇಕಾಗಿಲ್ಲ. ನಾವು ಮಾತ್ರ ಹೊಟ್ಟೆಯ ಕಥೆಯನ್ನೆಲ್ಲ ಬಿಡಿಸಿ ಬರೆಯುತ್ತೇವೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದ ಮೇಲೆ, ಹುಷಾರಿಲ್ಲದ ದಿನಗಳಿಗೆ ಆರು ವಾರದ ತನಕ ಕಂಪನಿಯೇ ಪಗಾರ ಕೊಡಬೇಕು.

ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸೂಟಿ ಕಾನೂನಿನಲ್ಲೇ ಇದೆ. ಎಷ್ಟೋ ಕಂಪನಿಗಳು 30ರ ಆಸುಪಾಸು ಕೊಡುತ್ತವೆ. ಅದನ್ನು ಕೇಳೋಕೆ ಅಜ್ಜಿಯ ತಿಥಿ, ಕಾಕಾನ ಮಗಳ ಮದುವೆ ಅಂತ ಕಾರಣ ಹುಡುಕಬೇಡಿ. ‘ಈ ದಿನದಿಂದ ಈ ದಿನ’ ಅಂದರೆ ಸಾಕು. ಆದರೆ ತಿಂಗಳುಗಟ್ಟಲೆ ಮೊದಲೇ ಹೇಳಬೇಕು. ಎಲ್ಲರೂ ವರ್ಷದ ಶುರುವಿನಲ್ಲೇ ತಮ್ಮ ದಿನಗಳನ್ನು ಹಾಕಿಬಿಡುತ್ತಾರೆ. ದೀಪಾವಳಿಗೆ ಊರಿಗೆ ಬರೋದಿದ್ದರೆ ಜನವರಿಯಲ್ಲೇ ಕ್ಯಾಲೆಂಡರ್ ನೋಡಿ. ಸೂಟಿಯಲ್ಲಿ ಇದ್ದಾಗ ಹುಷಾರು ತಪ್ಪಿ ಡಾಕ್ಟರ ಚೀಟಿ ತಂದರೆ ಆ ದಿನಗಳು ಸೂಟಿಯಿಂದ ಕಳೆಯೋದಿಲ್ಲ, ನಿಮಗೇ ವಾಪಸ್ ಬರುತ್ತವೆ. ಇದನ್ನು ಮೊದಲ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

6. ಊಟದ ಹೊತ್ತು, ಕೇಕು ಮತ್ತು ಪೇಡಾ

ಹನ್ನೊಂದೂವರೆ, ಹನ್ನೆರಡಕ್ಕೇ ಊಟ. ಆ ಹೊತ್ತಿಗೆ ಎದುರು ಸಿಕ್ಕವರೆಲ್ಲ ‘ಮಾಲ್‌ಟ್ಸೈಟ್’ ಅನ್ನುತ್ತಾರೆ. ನಮ್ಮ ‘ಊಟ ಆತ್ರ್ಯಾ?’ ಇದ್ದ ಹಾಗೆ, ಉತ್ತರಕ್ಕೆ ಯಾರೂ ಕಾಯೋದಿಲ್ಲ. ನೀವೂ ಅದನ್ನೇ ಅನ್ನಿ. ಡಬ್ಬಿ ಹಿಡಿದು ಒಬ್ಬರೇ ಕಂಪ್ಯೂಟರ್ ಮುಂದೆ ಕೂರಬೇಡಿ. ಆಫೀಸಿನ ಒಳಗುಟ್ಟು ತಿಳಿಯೋದು ಆ ಮೇಜಿನ ಸುತ್ತಲೇ. ಭಾಷೆ ಪೂರ್ತಿ ಬರದಿದ್ದರೂ ಕೂತಿರಿ. ನಾನು ಕಲಿತ ಜರ್ಮನ್ನಿನಲ್ಲಿ ಅರ್ಧ ಅಲ್ಲಿನದು. ಆದರೆ ಪಗಾರ ಎಷ್ಟು, ಮದುವೆ ಯಾಕೆ ಆಗಿಲ್ಲ, ಮಕ್ಕಳೆಷ್ಟು ಅಂತ ನಾವು ಪ್ರೀತಿಯಿಂದ ಕೇಳೋ ಪ್ರಶ್ನೆಗಳನ್ನು ಕೇಳಬೇಡಿ. ಹವಾಮಾನ, ಸೂಟಿಗೆ ಎಲ್ಲಿ ಹೋಗಿದ್ದೆ, ಫುಟ್‌ಬಾಲ್. ಇವು ಸಾಕು.

ಹುಟ್ಟುಹಬ್ಬದ ಲೆಕ್ಕ ನಮಗೆ ಉಲ್ಟಾ ಕಾಣುತ್ತೆ. ಯಾರ ಹುಟ್ಟುಹಬ್ಬವೋ ಅವರೇ ಕೇಕ್ ತರಬೇಕು. ನಾಳೆ ನಿಮ್ಮ ದಿನ, ಇವತ್ತೇ ಶುಭಾಶಯ ಅಂತ ಹೇಳಬೇಡಿ. ಮುಂಚೆ ಹೇಳಿದರೆ ಅಪಶಕುನ ಅನ್ನೋ ನಂಬಿಕೆ ಅವರದು. ಹೊಸದಾಗಿ ಸೇರಿದವರು ಕೆಲವು ವಾರದೊಳಗೆ ಎಲ್ಲರಿಗೂ ಏನಾದರೂ ತಿನ್ನಿಸೋ ರೂಢಿಯೂ ಇದೆ. ಅದಕ್ಕೆ ‘ಐನ್‌ಷ್ಟಾಂಟ್’ ಅನ್ನುತ್ತಾರೆ.

ತಕ್ಷಣ ಎಲ್ಲರಿಗೂ ನೆನಪಾಗೋದು ಲೈನ್ ಬಜಾರಿನ ಪೇಡಾ. ಇಲ್ಲೇ ಎಡವಬೇಡಿ. ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ಪೇಡಾ ಅಂದರೆ ಖವಾ. ಕಸ್ಟಮ್ಸ್‌ನವರು ತೆಗೆದು ನೋಡಿದರೆ ಡಬ್ಬಿ ಅಲ್ಲೇ ಉಳಿಯುತ್ತೆ. ಬದಲಿಗೆ ಶೇಂಗಾ-ಬೆಲ್ಲದ ಉಂಡಿ ಒಯ್ಯಿರಿ. ಮೇಜಿನ ಮೇಲೆ ಇಡುವಾಗ ಇದರಲ್ಲಿ ಶೇಂಗಾ ಇದೆ ಅಂತ ದೊಡ್ಡದಾಗಿ ಚೀಟಿ ಬರೆದಿಡಿ. ಶೇಂಗಾ ಅಲರ್ಜಿ ಕೆಲವರಿಗೆ ಜೀವಕ್ಕೇ ಬರುತ್ತೆ. ತಿನ್ನದವರಿಗೆ ‘ಒಂದ ತಗೋರಿ, ಏನ್ ಆಗೂದಿಲ್ಲ’ ಅಂತ ಒತ್ತಾಯ ಮಾಡಬೇಡಿ. ಬೇಡ ಅಂದರೆ ಬೇಡ. ನಮ್ಮ ಹಾಗೆ ಮೂರನೇ ಸಲಕ್ಕೆ ಒಪ್ಪಿಕೊಳ್ಳೋ ಬೇಡ ಅಲ್ಲ ಅದು. ನಿಮಗೆ ಅವರು ಏನಾದರೂ ಕೊಟ್ಟಾಗಲೂ ಅಷ್ಟೇ. ಬೇಕಿದ್ದರೆ ಮೊದಲ ಸಲಕ್ಕೇ ತಗೊಳ್ಳಿ, ಎರಡನೇ ಸಲ ಕೇಳೋದಿಲ್ಲ. ಮೊದಲ ಎರಡು ತಿಂಗಳು ಎಷ್ಟು ಕಾಫಿ ತಪ್ಪಿಸಿಕೊಂಡೆನೋ.

7. ಹೊಗಳಲಿಲ್ಲ ಅಂತ ಹೆದರಬೇಡಿ

ಸ್ಟುಟ್‌ಗಾರ್ಟ್ ಇರೋದು ಶ್ವೇಬಿಯಾ ಅನ್ನೋ ಸೀಮೆಯಲ್ಲಿ. ಅಲ್ಲಿನವರ ಒಂದು ಗಾದೆಯ ಅರ್ಥ ಹೀಗೆ: ಬೈಯಲಿಲ್ಲ ಅಂದರೆ ಅದೇ ದೊಡ್ಡ ಹೊಗಳಿಕೆ. ನಿಮ್ಮ ಕೆಲಸ ನೋಡಿ ‘ಸರಿ ಇದೆ’ ಅಂದರೆ ಖುಷಿಪಡಿ. ತಪ್ಪಿದ್ದರೆ ಮೀಟಿಂಗಿನಲ್ಲಿ ಎಲ್ಲರ ಮುಂದೆಯೇ ‘ಇದು ತಪ್ಪು’ ಅನ್ನುತ್ತಾರೆ, ಅರ್ಧ ತಾಸಿನ ಮೇಲೆ ನಿಮ್ಮ ಜೊತೆಗೇ ನಗುತ್ತಾ ಊಟ ಮಾಡುತ್ತಾರೆ. ಅವರು ಅಂದದ್ದು ಡ್ರಾಯಿಂಗಿಗೆ, ನಿಮಗಲ್ಲ. ನೀವೂ ಹಾಗೇ ಹೇಳಬಹುದು. ಬಾಸ್ ಹೇಳಿದ್ದು ತಪ್ಪು ಅನ್ನಿಸಿದರೆ ಕಾರಣ ಸಮೇತ ಹೇಳಿ. ಸುಮ್ಮನಿದ್ದರೆ ಒಪ್ಪಿದಿರಿ ಅಂತಲೇ ಲೆಕ್ಕ.

ನಿಜವಾಗಿ ಅನ್ಯಾಯ ಆಗುತ್ತಿದ್ದರೆ, ‘ಬೆಟ್ರೀಬ್ಸ್‌ರಾಟ್’ ಅಂದರೆ ನೌಕರರೇ ಆರಿಸಿದ ಸಮಿತಿ ಇದೆಯಾ ಕೇಳಿ. ಐದು ನೌಕರರಿರೋ ಕಂಪನಿಯಲ್ಲೂ ಅದನ್ನು ಆರಿಸಿಕೊಳ್ಳೋ ಅವಕಾಶ ಕಾನೂನಿನಲ್ಲಿದೆ. ಅವರ ಹತ್ತಿರ ಹೋಗೋದು ಚಾಡಿ ಹೇಳಿದ ಹಾಗಲ್ಲ.

ದುಬೈ, ಅಬುಧಾಬಿ ಕಡೆ ಹೋಗುವವರಿಗೆ

ಅಲ್ಲಿನ ರೀತಿ ಬೇರೆ. ಮೇಲಿನವರಿಗೆ ಮರ್ಯಾದೆ, ಸುತ್ತಿ ಬಳಸಿ ಮಾತು, ಚಹಾ. ಅದು ನಮಗೆ ಹತ್ತಿರವೇ. ಜೊತೆಯಲ್ಲಿ ಹತ್ತು ದೇಶದವರು ಇರುತ್ತಾರೆ, ಹಾಗಾಗಿ ಒಂದೇ ರೀತಿ ಅಂತ ಹೇಳೋಕೆ ಆಗೋದಿಲ್ಲ. ರಂಜಾನ್ ತಿಂಗಳಲ್ಲಿ ದಿನದ ಕೆಲಸ ಎರಡು ತಾಸು ಕಮ್ಮಿ, ಉಪವಾಸ ಮಾಡುವವರ ಎದುರು ತಿನ್ನೋದು ಕುಡಿಯೋದು ಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸೋ ಹಾಗಿಲ್ಲ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ಕಂಪನಿಯವರು ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ಹೊರದೇಶದ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕು ಅನ್ನೋ ಮುದ್ರೆ ಇದ್ದರೆ, ಹೊರಡೋ ಮೊದಲು ಇ-ಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟ್ ಮೂಲಕ ಆ ಅನುಮತಿ ಪಡೆಯಬೇಕು. ಏಜೆಂಟ್ ಅದೇ ವೆಬ್‌ಸೈಟಿನ ಪಟ್ಟಿಯಲ್ಲಿ ಇದ್ದಾನಾ ನೋಡಿ. ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿ ಮಾಡಿಸ್ತೀನಿ ಅಂದವನಿಗೆ ದುಡ್ಡು ಕೊಡಬೇಡಿ.

8. ಬಿಡುವಾಗ ಕೊಡೋ ಪತ್ರ

ಜರ್ಮನಿಯಲ್ಲಿ ಕೆಲಸ ಬಿಟ್ಟಾಗ ‘ಟ್ಸೊಯ್ಗ್‌ನಿಸ್’ ಅಂತ ಒಂದು ಪತ್ರ ಕೇಳಿ ಪಡೆಯೋ ಹಕ್ಕು ಇದೆ. ನಮ್ಮ ಎಕ್ಸ್‌ಪೀರಿಯನ್ಸ್ ಲೆಟರ್ ಇದ್ದ ಹಾಗೆ, ಆದರೆ ಉದ್ದ. ಅದರಲ್ಲಿ ಕೆಟ್ಟದ್ದು ಬರೆಯಬಾರದು ಅನ್ನೋ ಧೋರಣೆ ಇರೋದರಿಂದ, ಒಳ್ಳೆಯ ಮಾತುಗಳಲ್ಲೇ ಅಂಕ ಅಡಗಿಸಿ ಇಡುತ್ತಾರೆ. ಖಡಕ್ ಮಾತಿನ ಜನ ಸುತ್ತಿ ಬಳಸಿ ಬರೆಯೋದು ಇದೊಂದನ್ನೇ. ‘ಯಾವಾಗಲೂ, ನಮಗೆ ಅತ್ಯಂತ ಪೂರ್ಣ ತೃಪ್ತಿಯಾಗುವಂತೆ’ ಕೆಲಸ ಮಾಡಿದರು ಅಂತ ಇದ್ದರೆ ಫಸ್ಟ್ ಕ್ಲಾಸ್. ‘ಯಾವಾಗಲೂ’ ಮತ್ತು ‘ಅತ್ಯಂತ’ ಹೋಗಿ ಬರೀ ‘ಪೂರ್ಣ ತೃಪ್ತಿ’ ಉಳಿದರೆ ಸಾಧಾರಣ. ಬರೀ ‘ತೃಪ್ತಿ’ ಅಂದರೆ ಹೇಗೋ ಪಾಸು. ‘ಪ್ರಯತ್ನ ಪಟ್ಟರು’ ಅಂತ ಇದ್ದರೆ ಫೇಲು.

ನನ್ನ ಪತ್ರ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಅನುವಾದ ಮಾಡಿ ಓದಿ ಹೇಳಿದೆ, ಅಪ್ಪ ಭಾಳ ಖುಷಿಪಟ್ಟರು. ಅದರಲ್ಲಿ ‘ಯಾವಾಗಲೂ’ ಇಲ್ಲ ಅಂತ ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಬೇರೆ ಕಡೆ ಇಂಟರ್‌ವ್ಯೂನಲ್ಲಿ. ನೀವು ಹಾಗೆ ಮಾಡಬೇಡಿ. ಪತ್ರ ಕೈಗೆ ಬಂದ ದಿನವೇ, ಭಾಷೆ ಬಲ್ಲ ಸಹೋದ್ಯೋಗಿಗೆ ತೋರಿಸಿ. ತಪ್ಪು ಅನ್ನಿಸಿದರೆ ತಿದ್ದಿಕೊಡಿ ಅಂತ ಕೇಳಿ. ಕೇಳಿದಾಗ ಎಚ್‌ಆರ್‌ನವರು ‘ನೋಡ್ತೀವಿ’ ಅಂದರೆ, ಯಾವ ತಾರೀಖಿಗೆ ಅಂತ ಅಲ್ಲೇ ಬರೆಸಿಕೊಳ್ಳಿ.